ಹನ್ನೊಂದು ದಿನ, ಒಂದು ಸುಳ್ಳು

ಕಳೆದ ವರ್ಷ ಒಮ್ಮೆ ಹನ್ನೊಂದು ದಿನ ನನಗೆ ಮಲವಿಸರ್ಜನೆ ಆಗಲಿಲ್ಲ. ಇದನ್ನು ಹೀಗೆ ನೇರವಾಗಿ ಬರೆಯಬೇಡ, ಹೊಟ್ಟೆ ತೊಂದರೆ ಎಂದಷ್ಟೇ ಬರಿ ಎಂದು ನನ್ನ ಮಗಳು ಸುಧಾ ಹೇಳಿದಳು. ಹೊಟ್ಟೆ ತೊಂದರೆ ಎಂದರೆ ಓದುವವರು ಗ್ಯಾಸು, ಅಜೀರ್ಣ ಎಂದುಕೊಂಡು ಪುಟ ತಿರುಗಿಸುತ್ತಾರೆ. ನಾನು ಆಸ್ಪತ್ರೆ ಸೇರಿದ್ದು, ಎರಡು ದಿನ ಬುದ್ಧಿ ನೆಟ್ಟಗಿಲ್ಲದೆ ಏನೇನೋ ಮಾತಾಡಿದ್ದು ಅಜೀರ್ಣದಿಂದಲ್ಲ. ದಿನವೂ ಆಗಬೇಕಾದದ್ದು ಆಗಲಿಲ್ಲ, ಆಯಿತು ಎಂದು ದಿನವೂ ನಾನೇ ಸುಳ್ಳು ಹೇಳಿದೆ. ನನ್ನ ವಯಸ್ಸಿನವರು ಯಾರಾದರೂ ಇದೇ ಸುಳ್ಳು ಹೇಳಿಕೊಂಡು ಎಲ್ಲೋ ಮಂಚದ ಮೇಲೆ ಮಲಗಿದ್ದರೆ ಅವರಿಗೆ ತಿಳಿಯಲಿ ಎಂದು ಬರೆಯುತ್ತಿದ್ದೇನೆ.

ನನಗೀಗ ಎಪ್ಪತ್ತಾರು. ಮೂವತ್ತೊಂದು ವರ್ಷ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದೆ. ಹೆಚ್ಚಿನ ಕಾಲ ದೊಡ್ಡಬಳ್ಳಾಪುರದಿಂದ ದೊಡ್ಡಬೆಳವಂಗಲದ ಮೇಲೆ ದಾಬಸ್‌ಪೇಟೆಗೆ ಹೋಗಿ ಬರುವ ಗಾಡಿಯಲ್ಲೇ ಕಳೆದೆ. ಮೊದಲ ಟ್ರಿಪ್ಪಿಗೆ ಬೆಳಗ್ಗೆ ಐದೂವರೆಗೆಲ್ಲ ಡಿಪೋದಲ್ಲಿ ಇರಬೇಕಿತ್ತು. ಹೊರಡುವ ಮೊದಲು ಹೊಟ್ಟೆ ಎಚ್ಚರವಾಗುತ್ತಿರಲಿಲ್ಲ. ಎಚ್ಚರವಾಗುವ ಹೊತ್ತಿಗೆ ಬಸ್ಸಿನಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಸ್ಕೂಲಿನ ಮಕ್ಕಳು, ಹಾಲಿನ ಕ್ಯಾನು, ರೇಷ್ಮೆಗೂಡಿನ ಚೀಲ ಎಲ್ಲವನ್ನೂ ರಸ್ತೆಯಲ್ಲಿ ನಿಲ್ಲಿಸಿ ನಾನು ಎಲ್ಲಿಗೆ ಹೋಗುವುದು? ತಡೆದುಕೊಳ್ಳುತ್ತಿದ್ದೆ. ತಡೆದುಕೊಂಡರೆ ಸ್ವಲ್ಪ ಹೊತ್ತಿಗೆ ಆ ಒತ್ತಡ ಹೋಗಿಬಿಡುತ್ತದೆ. ಸಂಜೆ ಮನೆಗೆ ಹೋದ ಮೇಲೆ ಬಾ ಎಂದರೆ ಬರುವುದಿಲ್ಲ. ಎರಡು ದಿನಕ್ಕೊಮ್ಮೆ, ಮೂರು ದಿನಕ್ಕೊಮ್ಮೆ ಹೋಗುವುದು ನನ್ನ ಮಾಮೂಲಿಯಾಯಿತು. ನನ್ನ ಹೆಂಡತಿ ಜಯಮ್ಮ ಪಪ್ಪಾಯಿ ಹೆಚ್ಚಿಕೊಟ್ಟು, ಬಿಸಿನೀರು ಕುಡಿಸಿ ಹೇಗೋ ಸಂಭಾಳಿಸುತ್ತಿದ್ದಳು. ಅವಳು ಹೊಟ್ಟೆಯ ಕ್ಯಾನ್ಸರಿನಲ್ಲಿ ತೀರಿಕೊಂಡು ಆರು ವರ್ಷವಾಯಿತು.

ಕಳೆದ ವರ್ಷ ಬಸ್‌ಸ್ಟ್ಯಾಂಡಿನ ಕಟ್ಟೆ ಇಳಿಯುವಾಗ ಕಾಲು ಜಾರಿ ಬಿದ್ದೆ. ಸೊಂಟದ ಕೆಳಗಿನ ಮೂಳೆ ಮುರಿಯಿತು. ಆಪರೇಷನ್ ಮಾಡಿ ರಾಡು ಹಾಕಿದರು. ಮೂರು ತಿಂಗಳು ಯಾರಾದರೂ ಜೊತೆಗಿರಬೇಕು ಎಂದರು ಡಾಕ್ಟರು. ಸುಧಾ ಇರುವುದು ದಾಬಸ್‌ಪೇಟೆಯಲ್ಲಿ. ಅವಳಿಗೆ ಸೋಂಪುರದ ಒಂದು ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಕೆಲಸ, ವಾರಕ್ಕೊಂದು ಶಿಫ್ಟು. ಅಳಿಯನದು ಗೋಡೌನಿನಲ್ಲಿ ಕೆಲಸ. ಅವರ ಮನೆಯ ಹಾಲಿನಲ್ಲಿ ಆಗಲೇ ಒಂದು ಮಂಚವಿತ್ತು. ಅದರ ಮೇಲೆ ಸುಧಾಳ ಅತ್ತೆ ಸಿದ್ದಗಂಗಮ್ಮನವರು ಎರಡು ವರ್ಷದಿಂದ ಪಾರ್ಶ್ವವಾಯು ಹೊಡೆದು ಮಲಗಿದ್ದರು. ಅವರು ಗಟ್ಟಿ ಹೆಂಗಸು, ಬಿಗಿ ಮಾತು. ಬೀಗರಾಗಿ ಇಪ್ಪತ್ತು ವರ್ಷವಾದರೂ ನಾವಿಬ್ಬರೂ ಊಟವಾಯಿತೇ, ಆರೋಗ್ಯವೇ ಎಂಬುದನ್ನು ಬಿಟ್ಟು ಮಾತಾಡಿದ್ದಿಲ್ಲ. ಒಂದೇ ಹಾಲಿನಲ್ಲಿ ಎರಡು ಮಂಚ ಹಾಕಿ, ಒಂದರಲ್ಲಿ ಅತ್ತೆ, ಒಂದರಲ್ಲಿ ಅಪ್ಪ ಎಂದರೆ ನನ್ನ ಮಗಳು ಉಳಿಯುತ್ತಿರಲಿಲ್ಲ. ನಾನೇ ವೃದ್ಧಾಶ್ರಮಕ್ಕೆ ಹೋಗುತ್ತೇನೆ ಎಂದೆ. ಅವಳು ಎರಡು ದಿನ ಮಾತು ಬಿಟ್ಟಳು. ಆಮೇಲೆ ತಾನೇ ನಾಲ್ಕು ಕಡೆ ಹೋಗಿ ನೋಡಿ ಬಂದಳು.

ಅವಳು ಆರಿಸಿದ ಜಾಗ ದೊಡ್ಡಬೆಳವಂಗಲ ದಾಟಿ ಸ್ವಲ್ಪ ದೂರದಲ್ಲಿ, ರಸ್ತೆಯಿಂದ ಒಳಗಿತ್ತು. ಹಾಸಿಗೆ ಹಿಡಿದವರನ್ನೂ ನೋಡಿಕೊಳ್ಳುತ್ತಾರೆ, ಒಬ್ಬ ಸಿಸ್ಟರ್ ಯಾವಾಗಲೂ ಇರುತ್ತಾರೆ, ವಾರಕ್ಕೊಮ್ಮೆ ಡಾಕ್ಟರ್ ಬರುತ್ತಾರೆ. ಗಂಡಸರ ಹಾಲಿನಲ್ಲಿ ಹತ್ತು ಮಂಚ, ಎರಡು ಬಾತ್‌ರೂಮು. ಜಾಗ ಚೊಕ್ಕಟವಾಗಿತ್ತು. ಊಟವೂ ಪರವಾಗಿಲ್ಲ. ನಾನು ಕಂಡಕ್ಟರ್ ಆಗಿದ್ದವನೆಂದು ಗೊತ್ತಾದ ದಿನವೇ ಎಲ್ಲರಿಗೂ ಕಂಡಕ್ಟರ್ ತಾತನಾದೆ. ಪಕ್ಕದ ಮಂಚದಲ್ಲಿ ನಂಜುಂಡಪ್ಪ ಎಂಬುವನು. ದೊಡ್ಡಬಳ್ಳಾಪುರದಲ್ಲಿ ನಲವತ್ತು ವರ್ಷ ಮಗ್ಗ ಓಡಿಸಿದವನು, ಆ ಸದ್ದಿಗೆ ಎರಡೂ ಕಿವಿ ಮಂದ. ತನಗೆ ಕೇಳಿಸಬೇಕೆಂದು ಜೋರಾಗಿ ಮಾತಾಡುತ್ತಿದ್ದ. ಅವನಿಗೆ ಒಂದು ಗುಟ್ಟು ಹೇಳಿದರೆ ಅದು ಹೆಂಗಸರ ಹಾಲಿನವರೆಗೂ ಹೋಗುತ್ತಿತ್ತು.

ದಿನಾ ಬೆಳಗ್ಗೆ ಏಳಕ್ಕೆ ಆಯಾ ಮುನಿಯಮ್ಮ ಒಂದು ಉದ್ದನೆಯ ಪುಸ್ತಕ ಹಿಡಿದು ಬರುತ್ತಿದ್ದಳು. ಬಿಪಿ, ಜ್ವರ, ನಿದ್ದೆ, ಕೊನೆಗೆ ಮೋಷನ್. ಮಂಚದಿಂದ ಮಂಚಕ್ಕೆ ಹೋಗುತ್ತಾ ಕೇಳುವಳು. ಅವಳದು ಒಳ್ಳೆಯ ಮನಸ್ಸು, ಆದರೆ ಇಪ್ಪತ್ತು ಜನಕ್ಕೆ ಇಬ್ಬರೇ ಆಯಾಗಳು. ನಿಂತು ಮಾತಾಡಲು ಪುರುಸೊತ್ತಿಲ್ಲ. ನಾನು ಹೋದ ಮೂರನೇ ದಿನ, ಆಗಿಲ್ಲಮ್ಮ ಎಂದೆ. ಅವಳು ಅಲ್ಲಿಂದಲೇ ಬಾಗಿಲ ಕಡೆ ತಿರುಗಿ ಕೂಗಿದಳು.

“ಸಿಸ್ಟರ್, ಕಂಡಕ್ಟರ್ ತಾತಂಗೆ ಇವತ್ತೂ ಇಲ್ವಂತೆ.”

ಎದುರು ಮಂಚದವರನ್ನು ನೋಡಲು ಅವರ ಮೊಮ್ಮಗಳು, ಅವಳ ಗಂಡ ಬಂದಿದ್ದರು. ಮೂವರೂ ನನ್ನ ಕಡೆ ನೋಡಿ, ತಕ್ಷಣ ಬೇರೆ ಕಡೆ ನೋಡಿದರು. ಅವರು ಹಾಗೆ ಮುಖ ತಿರುಗಿಸಿದ್ದು ಇನ್ನೂ ಕಷ್ಟವಾಯಿತು. ಸಾವಿರಾರು ಜನರ ಮುಂದೆ ನಿಂತು ಕೂಗಿದ ಗಂಟಲು ನನ್ನದು. ಆ ದಿನ ಗೋಡೆ ಕಡೆ ತಿರುಗಿ ಮಲಗಿಬಿಟ್ಟೆ.

ಮಾರನೆಯ ದಿನ ಕೇಳಿದಾಗ ಆಯ್ತು ಎಂದೆ. ಅವಳು ಪುಸ್ತಕದಲ್ಲಿ ಗೀಟು ಹಾಕಿ ಮುಂದಕ್ಕೆ ಹೋದಳು. ಎಷ್ಟು ಸುಲಭವಾಯಿತೆಂದರೆ, ಮರುದಿನವೂ ಹಾಗೇ ಹೇಳಿದೆ.

ಪ್ರಯತ್ನ ಪಡದೆ ಇರಲಿಲ್ಲ. ವಾಕರ್ ಹಿಡಿದು ಬಾತ್‌ರೂಮಿಗೆ ಹೋಗಿ ಕೂರುತ್ತಿದ್ದೆ. ಆ ಬಾಗಿಲಿಗೆ ಒಳಗಿನಿಂದ ಚಿಲಕ ಇರಲಿಲ್ಲ. ಹಿಂದೊಮ್ಮೆ ಯಾರೋ ಚಿಲಕ ಹಾಕಿಕೊಂಡು ಒಳಗೆ ಬಿದ್ದಿದ್ದರಂತೆ, ಅದಕ್ಕೇ ತೆಗೆಸಿದ್ದರು. ಸರಿಯಾದ ಕೆಲಸವೇ. ಆದರೆ ನಾನು ಕೂತ ಎರಡನೇ ನಿಮಿಷಕ್ಕೆ ಯಾರಾದರೂ ಬಾಗಿಲು ತಳ್ಳುತ್ತಿದ್ದರು. ಆಪರೇಷನ್ ಆದ ಕಾಲಿನಲ್ಲಿ ಭಾರ ಬಿಟ್ಟು ಕೂರಲು ಹೆದರಿಕೆ ಬೇರೆ. ಕಮೋಡು ಎತ್ತರ, ನನ್ನ ಕಾಲು ನೆಲಕ್ಕೆ ಅರ್ಧಂಬರ್ಧ ತಾಗುತ್ತಿತ್ತು. ಎದ್ದು ಬರುತ್ತಿದ್ದೆ. ಪ್ಯಾಡಿನಲ್ಲೇ ಮಾಡಿ ತಾತ, ನಾವು ಬದಲಾಯಿಸ್ತೀವಿ ಎಂದು ಮುನಿಯಮ್ಮ ಕರುಣೆಯಿಂದಲೇ ಹೇಳಿದ್ದಳು. ಮಲಗಿದಲ್ಲೇ ಮಾಡಿಕೊಳ್ಳುವುದನ್ನು ನನ್ನ ಮೈ ಒಪ್ಪಲಿಲ್ಲ.

ನೀರನ್ನೂ ಕಡಿಮೆ ಮಾಡಿದೆ. ಕುಡಿದರೆ ಮೂತ್ರಕ್ಕೆ ಏಳಬೇಕು, ಎದ್ದರೆ ಯಾರನ್ನಾದರೂ ಕರೆಯಬೇಕು. ದಿನಕ್ಕೆ ಎರಡು ಲೋಟ ನೀರಿನಲ್ಲಿ ಕಳೆಯುತ್ತಿದ್ದೆ. ಅದರ ಮೇಲೆ ಮೂಳೆ ನೋವಿಗೆ ಬಲವಾದ ಮಾತ್ರೆ, ರಕ್ತ ಕಡಿಮೆ ಎಂದು ಕಬ್ಬಿಣದ ಮಾತ್ರೆ. ಆ ಎರಡೂ ಮಲ ಕಟ್ಟಿಸುತ್ತವೆ ಎಂದು ನನಗೆ ತಿಳಿದದ್ದು ಆಮೇಲೆ.

ಐದನೇ ದಿನದಿಂದ ಊಟ ಸೇರಲಿಲ್ಲ. ಹೊಟ್ಟೆ ಬಿಗಿದು ತಮಟೆಯ ಹಾಗಾಯಿತು. ಬಾಯಲ್ಲಿ ಕೆಟ್ಟ ರುಚಿ. ವಾರಕ್ಕೊಮ್ಮೆ ಬರುವ ಡಾಕ್ಟರ್ ಬಂದಾಗ ಹೊಟ್ಟೆ ಉಬ್ಬರ ಎಂದೆ. ಅವರು ಪುಸ್ತಕ ನೋಡಿದರು. ಮೋಷನ್ ದಿನಾ ಆಗ್ತಿದೆಯಲ್ಲ ಎಂದು ಗ್ಯಾಸಿಗೆ ಸಿರಪ್ಪು ಬರೆದರು. ಅವರ ತಪ್ಪಲ್ಲ. ಪುಸ್ತಕದಲ್ಲಿ ಇದ್ದದ್ದು ನನ್ನ ಮಾತು.

ಎಂಟನೇ ದಿನ ನನಗೆ ಗೊತ್ತಿಲ್ಲದ ಹಾಗೆ ಪಂಚೆ ಒದ್ದೆಯಾಯಿತು. ನೀರಿನಂಥ ಭೇದಿ. ತಡೆಯಲು ನೋಡಿದರೆ ಹತೋಟಿಯೇ ಇಲ್ಲ. ದಿನಕ್ಕೆ ನಾಲ್ಕು ಸಲ, ಐದು ಸಲ. ಅಯ್ಯೋ ಈಗಲಾದರೂ ಬಿಡುಗಡೆಯಾಯಿತು ಎಂದು ನಾನು ಒಳಗೊಳಗೇ ಸಮಾಧಾನ ಪಟ್ಟೆ ಎಂದರೆ ನೀವು ನಗಬಹುದು. ಆದರೆ ಹೊಟ್ಟೆಯ ಬಿಗಿ ಒಂದು ಚೂರೂ ಇಳಿಯಲಿಲ್ಲ. ಹೊಟ್ಟೆ ಕೆಟ್ಟಿದೆ ಎಂದು ಭೇದಿ ನಿಲ್ಲುವ ಮಾತ್ರೆ ಕೊಟ್ಟರು. ಊಟ ನಿಲ್ಲಿಸಿ ಗಂಜಿ, ಮಜ್ಜಿಗೆ ಕೊಟ್ಟರು. ನನಗೆ ಪ್ಯಾಡು ಬಂತು. ಯಾವುದಕ್ಕೆ ಹೆದರಿ ಸುಳ್ಳು ಹೇಳಿದ್ದೆನೋ ಅದೇ ಆಯಿತು.

ಆಮೇಲಿನ ಎರಡು ದಿನ ನನಗೆ ಸರಿಯಾಗಿ ನೆನಪಿಲ್ಲ. ಇದು ಬೇರೆಯವರು ಹೇಳಿದ್ದು. ನಾನು ಮಂಚದ ಮೇಲೆ ಎದ್ದು ಕೂತು ಟಿಕೆಟ್, ಟಿಕೆಟ್ ಎಂದು ಕೈ ಚಾಚುತ್ತಿದ್ದೆನಂತೆ. ಮುನಿಯಮ್ಮನಿಗೆ ಬೆಳವಂಗಲ ಬಂತು ಇಳೀಮ್ಮ ಎಂದು ಗದರಿದೆನಂತೆ. ಮೂತ್ರ ನಿಂತುಹೋಗಿ ಕೆಳಹೊಟ್ಟೆ ಕಲ್ಲಿನಂತಾಗಿತ್ತು. ವಯಸ್ಸಾದವರಿಗೆ ಹೀಗೆ ಮರೆವು ಶುರುವಾಗುವುದುಂಟು ಎಂದು ಒಬ್ಬರು, ಸ್ಟ್ರೋಕ್ ಇರಬೇಕು ಎಂದು ಇನ್ನೊಬ್ಬರು. ಸುಧಾಗೆ ಫೋನ್ ಹೋಯಿತು.

ಆ ಹೊತ್ತಿಗೆ ನಂಜುಂಡಪ್ಪ ಎದ್ದು ಹೋಗಿ ಭಾಗ್ಯ ಸಿಸ್ಟರ್ ಮುಂದೆ ನಿಂತನಂತೆ. ಭಾಗ್ಯ ಅಲ್ಲಿನ ಹಿರಿಯ ಸಿಸ್ಟರ್, ಹೊಸಕೋಟೆ ಕಡೆಯವರು. ಅವನು ತನ್ನ ದೊಡ್ಡ ದನಿಯಲ್ಲಿ ಹೇಳಿದ್ದನ್ನು ಹಾಲಿನಲ್ಲಿದ್ದವರೆಲ್ಲ ಕೇಳಿಸಿಕೊಂಡರು.

“ನೋಡಮ್ಮ, ಇವ್ನು ಹೊರಕಡೆ ಹೋಗಿ ಹತ್ತು ದಿನದ ಮೇಲಾಯ್ತು. ಆಯ್ತು ಅಂತ ಸುಳ್ಳು ಹೇಳ್ತಾನೆ. ನಾನು ದಿನಾ ನೋಡ್ತಿದೀನಿ.”

ಅದು ಅವನಿಗೆ ಹೇಗೆ ಗೊತ್ತಾಯಿತು ಎಂದು ನಾನು ಬಹಳ ದಿನದ ಮೇಲೆ ಕೇಳಿದೆ. “ನೀರು ಬಿಡೋ ಸದ್ದು ನಂಗೆ ಕೇಳಲ್ಲ ಕಣಯ್ಯ. ಆಚೆ ಬರುವಾಗ ನಿನ್ನ ಮುಖ ಕಾಣುತ್ತಲ್ಲ” ಎಂದ. ಮೊದಲೇ ಯಾಕೆ ಹೇಳಲಿಲ್ಲ ಎಂದರೆ, ಹೇಳಬೇಕಾದವನು ನೀನು ಎಂದ.

ಭಾಗ್ಯ ಸಿಸ್ಟರ್ ತಕ್ಷಣ ಭೇದಿಯ ಮಾತ್ರೆ ನಿಲ್ಲಿಸಿ, ಆಂಬುಲೆನ್ಸ್ ಕರೆಸಿ, ತಾವೇ ಜೊತೆಗೆ ಕೂತು ದೊಡ್ಡಬಳ್ಳಾಪುರದ ಆಸ್ಪತ್ರೆಗೆ ಕರೆತಂದರು.

ಆಸ್ಪತ್ರೆಯ ಕಾರಿಡಾರಿನಿಂದ ನನ್ನ ನೆನಪು ಮತ್ತೆ ಶುರುವಾಗುತ್ತದೆ. ನಾನು ಸ್ಟ್ರೆಚರಿನ ಮೇಲೆ ಗೋಡೆ ಪಕ್ಕ ಇದ್ದೆ. ಹಾದು ಹೋಗುವವರೆಲ್ಲ ಸ್ಟ್ರೆಚರಿನ ಚಕ್ರಕ್ಕೆ ಕಾಲು ತಗುಲಿಸುತ್ತಿದ್ದರು. ಸುಧಾ ಫ್ಯಾಕ್ಟರಿಯಿಂದ ಹಾಗೇ ಬಂದಿದ್ದಳು, ಮೈಮೇಲೆ ನೀಲಿ ಕೋಟು, ಕೂದಲಿನ ಸುತ್ತ ಟೋಪಿಯ ಎಲಾಸ್ಟಿಕ್ ಒತ್ತಿದ ಗುರುತು. ಅಪ್ಪ, ನಾನ್ಯಾರು ಹೇಳು ಎಂದು ಕೇಳುತ್ತಿದ್ದಳು. ಸುಧಾ ಎಂದೆ. ಅವಳು ಅತ್ತದ್ದು ಆವಾಗ.

ನಮ್ಮ ಸರದಿ ಬಂತೆಂದು ಕೂಗುವವರೆಗೆ ಅವಳು ನನ್ನ ಕೈ ಬಿಡಲಿಲ್ಲ. ಅವಳು ಏನು ಯೋಚಿಸುತ್ತಿದ್ದಳೆಂದು ನನಗೆ ಗೊತ್ತಿತ್ತು. ಅವಳ ಅಮ್ಮನಿಗೂ ಹೀಗೇ ಶುರುವಾಗಿತ್ತು. ಊಟ ಸೇರದೆ, ಹೊಟ್ಟೆ ಉಬ್ಬಿ, ಇದೇ ಊರಿನ ಇಂಥದೇ ಕಾರಿಡಾರಿನಲ್ಲಿ ಕೂತಿದ್ದೆವು. ಡಾಕ್ಟರಮ್ಮ ಬಂದಾಗ ಸುಧಾ ಮೊದಲು ಕೇಳಿದ್ದು, ಕ್ಯಾನ್ಸರ್ರಾ ಮೇಡಂ ಎಂದು.

ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ಉತ್ತರ ಕೊಡದೆ ಮೊದಲು ಪರದೆ ಎಳೆಸಿದರು. ಹೊಟ್ಟೆ ಮುಟ್ಟಿ ನೋಡಿದರು, ಆಮೇಲೆ ಕೈಗವಸು ಹಾಕಿಕೊಂಡು ಹಿಂದಿನಿಂದ ಬೆರಳಿಟ್ಟು ನೋಡಿದರು. ಎಕ್ಸ್‌ರೇ ತೆಗೆಸಿದರು. ಆಮೇಲೆ ಸುಧಾಳನ್ನು ಒಳಗೆ ಕರೆದು ಹೇಳಿದರು.

“ಇದು ಭೇದಿ ಅಲ್ಲ. ಒಳಗೆ ಕಲ್ಲಿನ ಥರ ಗಟ್ಟಿಯಾಗಿ ಕೂತಿದೆ. ಅದರ ಪಕ್ಕದಿಂದ ನೀರು ಮಾತ್ರ ಸೋರ್ತಿದೆ. ಯೂರಿನ್ ನಿಂತಿರೋದೂ ಅದರಿಂದಾನೇ. ಕ್ಯಾನ್ಸರ್ ಥರ ಏನೂ ಈಗ ಕಾಣ್ತಿಲ್ಲ. ಇದು ಕ್ಲಿಯರ್ ಆಗ್ಲಿ, ಆಮೇಲೆ ಒಂದು ಸಲ ಸ್ಕ್ಯಾನ್ ಮಾಡಿ ನೋಡೋಣ.”

ಸುಧಾ ಅಲ್ಲಿದ್ದ ಸ್ಟೂಲಿನ ಮೇಲೆ ಕೂತುಬಿಟ್ಟಳು. ಇಷ್ಟೇನಾ ಎಂದಳು. ಡಾಕ್ಟರಮ್ಮ, ಇದೂ ಸಣ್ಣದಲ್ಲಮ್ಮ, ಇನ್ನೂ ಬಿಟ್ಟಿದ್ದರೆ ಕರುಳೇ ಒಡೆಯುವ ಅಪಾಯವಿತ್ತು ಎಂದರು.

ಮೂತ್ರಕ್ಕೆ ನಳಿಕೆ ಹಾಕಿದರು. ಮೂತ್ರದ ಚೀಲ ತುಂಬುತ್ತಾ ಬಂದ ಹಾಗೆ ನನ್ನ ತಲೆಯೂ ತಿಳಿಯಾಗುತ್ತಾ ಬಂತು. ಅದಾದ ಮೇಲೆ ಇನ್ನೊಂದು ಕೆಲಸವಿತ್ತು. ಒಳಗೆ ಕೂತದ್ದನ್ನು ಕೈಯಿಂದಲೇ ತೆಗೆಯಬೇಕಿತ್ತು. ಅದಕ್ಕೆ ಬಂದವಳು ರೇಖಾ ಎಂಬ ನರ್ಸು, ಮೂವತ್ತೆಂಟು ನಲವತ್ತರ ಹೆಣ್ಣುಮಗಳು. ಗಂಡಸರು ಯಾರೂ ಇಲ್ಲವೇ ಎಂದು ಕೇಳಿದೆ. ಇದ್ದಾರೆ, ಸಂಜೆ ಬರ್ತಾರೆ, ಅಷ್ಟು ಹೊತ್ತು ಕಾಯೋದು ಬೇಡ ಅಂತಾರೆ ಡಾಕ್ಟರು ಎಂದಳು. ಸುಧಾಳನ್ನು ಹೊರಗೆ ಕಳಿಸಿದಳು. ಪರದೆ ಸಂದಿಯಿಲ್ಲದಂತೆ ಎಳೆದಳು. ಎಡಮಗ್ಗುಲಿಗೆ ಮಲಗಿಸಿ, ಬೇಕಾದಷ್ಟು ಜಾಗ ಬಿಟ್ಟು ಮಿಕ್ಕ ಮೈಗೆಲ್ಲ ಬೆಡ್‌ಶೀಟು ಹೊದಿಸಿದಳು.

“ನೋವಾಗುತ್ತೆ, ನಾಚಿಕೆನೂ ಆಗುತ್ತೆ ತಾತ. ನೋವಾದ್ರೆ ಹೇಳಿ, ನಿಲ್ಲಿಸ್ತೀನಿ. ನಾಚಿಕೆಗೆ ನನ್ ಹತ್ರ ಔಷಧಿ ಇಲ್ಲ.”

ನೋವಾಯಿತು. ಎರಡು ಸಲ ನಿಲ್ಲಿಸು ಎಂದೆ, ಎರಡು ಸಲವೂ ನಿಲ್ಲಿಸಿದಳು. ಇನ್ನು ಸ್ವಲ್ಪ, ಇನ್ನು ಸ್ವಲ್ಪ ಎಂದು ಸುಳ್ಳು ಹೇಳಲಿಲ್ಲ. ಇನ್ನೂ ತುಂಬ ಇದೆ, ಇವತ್ತಿಗೆ ಇಷ್ಟು ಸಾಕು ಎಂದಳು. ಮೂಗು ಮುಚ್ಚಲಿಲ್ಲ, ಮುಖ ಸಿಂಡರಿಸಲಿಲ್ಲ, ಫ್ಯಾನು ಜೋರು ಮಾಡಲಿಲ್ಲ. ಮುಗಿದ ಮೇಲೆ ಬಿಸಿನೀರಿನ ಬಟ್ಟೆಯಲ್ಲಿ ಒರೆಸಿ, ಒಣಗಿದ ಪಂಚೆ ಉಡಿಸಿ, ಆಮೇಲೇ ಸುಧಾಳನ್ನು ಕರೆದಳು. ಹೀಗೆ ಎರಡು ದಿನದಲ್ಲಿ ಮೂರು ಸಲ, ಮಧ್ಯೆ ಎನಿಮಾ. ಮೂರನೇ ದಿನ ಬೆಳಗ್ಗೆ ಕಮೋಡಿನ ಮೇಲೆ ಕೂತಾಗ ತಾನಾಗಿಯೇ ಆಯಿತು. ನಾನು ಎಷ್ಟು ಹೊತ್ತು ಅಲ್ಲೇ ಕೂತಿದ್ದೆನೋ, ಎದ್ದಾಗ ಕಾಲು ಜೋಮು ಹಿಡಿದಿತ್ತು. ಹೊಟ್ಟೆ ಖಾಲಿಯಾಗುವುದು ಇಷ್ಟು ದೊಡ್ಡ ಸುಖ ಎಂದು ಎಪ್ಪತ್ತೈದಕ್ಕೆ ಗೊತ್ತಾಯಿತು. ಮಧ್ಯಾಹ್ನ ಅನ್ನ ಸಾರು ಎರಡು ಸಲ ಹಾಕಿಸಿಕೊಂಡೆ.

ಡಿಸ್ಚಾರ್ಜ್ ದಿನ ಸಾಮಾನು ಕಟ್ಟಿಕೊಳ್ಳುವಾಗ ರೇಖಾ ಬಂದು ಪಕ್ಕದಲ್ಲಿ ನಿಂತಳು. ತನ್ನೂರು ಬೆಳವಂಗಲದ ಹತ್ತಿರವೇ ಎಂದಳು. ಕಾಲೇಜಿಗೆ ಮೂರು ವರ್ಷ ನನ್ನ ಬಸ್ಸಿನಲ್ಲೇ ಪಾಸಿನಲ್ಲಿ ಓಡಾಡಿದಳಂತೆ. ಒಮ್ಮೆ ಪಾಸು ಮರೆತು ಬಂದಾಗ ಕೆಳಗಿಳಿಸದೆ ಕರೆದುಕೊಂಡು ಹೋಗಿದ್ದೆನಂತೆ. ನನಗೆ ನೆನಪಾಗಲಿಲ್ಲ. ನನ್ನನ್ನು ಯಾವಾಗ ಗುರುತಿಸಿದೆ ಎಂದು ಕೇಳಿದೆ.

“ಸ್ಟ್ರೆಚರ್ ಮೇಲೆ ಬಂದಾಗ್ಲೇ. ಆಗ ಹೇಳಿದ್ರೆ ನಿಮಗೆ ಇನ್ನೂ ಕಷ್ಟ ಆಗ್ತಿತ್ತು, ಅದಕ್ಕೇ ಸುಮ್ನಿದ್ದೆ.”

ನಾನು ಕೈ ಮುಗಿದೆ. ಅವಳು ನನ್ನ ಕೈ ಕೆಳಗಿಳಿಸಿ, ಸಿರಪ್ಪು ತಪ್ಪಿಸಬೇಡಿ ಎಂದು ಹೇಳಿ ಬೇರೆ ವಾರ್ಡಿಗೆ ಹೋದಳು.

ಆಟೋದಲ್ಲಿ ವಾಪಸು ಬರುವಾಗ ಅರ್ಧ ದಾರಿಯಲ್ಲಿ ಸುಧಾ ಕೇಳಿದಳು, ಯಾಕಪ್ಪ ಸುಳ್ಳು ಹೇಳ್ದೆ ಎಂದು. ಎಲ್ಲರ ಎದುರಿಗೆ ಕೂಗಿದರು ಎಂದೆ. ಹೇಳುವಾಗ ಅದು ಎಷ್ಟು ಸಣ್ಣ ಕಾರಣ ಎನಿಸಿತು. ಅವಳು, ನನ್ನ ಹತ್ತಿರ ಹೇಳ್ಬಹುದಿತ್ತಲ್ಲ ಎಂದಳು. ಭಾನುವಾರ ನೋಡಲು ಬಂದಾಗಲೂ ಅವಳು ಕೇಳಿದ್ದು ಊಟ ಹೇಗಿದೆ, ನಿದ್ದೆ ಬರುತ್ತಾ ಎಂದು. ಇದನ್ನು ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ. ಹೆಣ್ಣುಮಕ್ಕಳ ಹತ್ತಿರ ಇದನ್ನೆಲ್ಲ ಹೇಳಬಾರದು ಎಂದು ನನ್ನ ತಲೆಯಲ್ಲಿ ಯಾರು ಹಾಕಿದ್ದರೋ ಗೊತ್ತಿಲ್ಲ.

ಆಶ್ರಮದಲ್ಲಿ ಅವಳು ಜಗಳಕ್ಕೆ ನಿಲ್ಲುತ್ತಾಳೆ ಎಂದು ಹೆದರಿದ್ದೆ. ನಿಲ್ಲಲಿಲ್ಲ. ಭಾಗ್ಯ ಸಿಸ್ಟರ್ ತಾವೇ ಮೊದಲು ಹೇಳಿದರು. ನಾವು ಕೇಳಿ ಬರ್ಕೊಂಡ್ವಿ, ನೋಡ್ಲಿಲ್ಲ, ಭೇದಿ ಅಂದಾಗ್ಲಾದ್ರೂ ಹೊಟ್ಟೆ ಮುಟ್ಟಿ ನೋಡ್ಬೇಕಿತ್ತು ಎಂದರು. ಅವರು ಹಾಗೆ ಹೇಳಿದ ಮೇಲೆ ಸುಧಾಗೆ ಕೂಗಾಡಲು ಏನೂ ಉಳಿಯಲಿಲ್ಲ. ಇಬ್ಬರೂ ಕೂತು ಡಾಕ್ಟರಮ್ಮ ಬರೆದುಕೊಟ್ಟ ಚೀಟಿ ಓದಿದರು. ನೋವಿನ ಮಾತ್ರೆ ಬದಲಾಗಿತ್ತು, ಕಬ್ಬಿಣದ್ದು ಸದ್ಯಕ್ಕೆ ನಿಂತಿತ್ತು. ಮಲಗುವಾಗ ಒಂದು ಸಿಹಿ ಸಿರಪ್ಪು. ದಿನಕ್ಕೆ ಇಷ್ಟು ನೀರು ಎಂದು ಬಾಟಲಿಗೆ ಸುಧಾ ಬಣ್ಣದ ಟೇಪು ಅಂಟಿಸಿ ಗುರುತು ಮಾಡಿದಳು.

ಬೆಳಗ್ಗೆ ಕಾಫಿ ತಿಂಡಿ ಆದ ಕಾಲು ಗಂಟೆಗೆ, ಬರಲಿ ಬಿಡಲಿ, ಹತ್ತು ನಿಮಿಷ ಹೋಗಿ ಕೂರಬೇಕು. ಹೊಟ್ಟೆಗೆ ಏನಾದರೂ ಬಿದ್ದಾಗ ಕರುಳು ತಾನೇ ಕೆಲಸ ಶುರು ಮಾಡುತ್ತದಂತೆ. ಆ ಹೊತ್ತನ್ನೇ ನಾನು ಮೂವತ್ತೊಂದು ವರ್ಷ ಬಸ್ಸಿನಲ್ಲಿ ಅದುಮಿ ಇಟ್ಟಿದ್ದೆ. ಕಾಲ ಕೆಳಗೆ ಒಂದು ಮಣೆ ಇಡಬೇಕು ಎಂದೂ ಚೀಟಿಯಲ್ಲಿತ್ತು. ಆಪರೇಷನ್ ಮಾಡಿದ ಡಾಕ್ಟರಿಗೆ ಫೋನ್ ಮಾಡಿ, ಸೊಂಟಕ್ಕೆ ತೊಂದರೆಯಿಲ್ಲ, ಗಿಡ್ಡ ಮಣೆ ಇಡಿ ಎಂದು ಅವರು ಹೇಳಿದ ಮೇಲೆಯೇ ಇಟ್ಟೆವು. ನಂಜುಂಡಪ್ಪನ ಮಗ ಹಲಗೆ ಕತ್ತರಿಸಿ, ಜಾರದಂತೆ ರಬ್ಬರು ಹೊಡೆದು ತಂದುಕೊಟ್ಟ. ಬಾಗಿಲಿಗೆ ಚಿಲಕ ಮಾತ್ರ ಹಾಕಿಸಲಿಲ್ಲ. ಅದರ ಬದಲು ಹೊರಗೆ ಒಂದು ಮೊಳೆ ಹೊಡೆದು, ಒಳಗೆ ಜನ ಇದ್ದಾರೆ ಎಂದು ಬರೆದ ರಟ್ಟು ತೂಗುಹಾಕಿದರು. ಒಳಗೆ ಯಾರಾದರೂ ಬಿದ್ದರೆ ಬಾರಿಸಿ ಕರೆಯಲು ಒಂದು ಗಂಟೆ ಕಟ್ಟಿದರು. ಮುನಿಯಮ್ಮ ಮಂಚದ ಪಕ್ಕಕ್ಕೆ ಬಂದು, ಬಗ್ಗಿ, ಮೆಲ್ಲಗೆ ಕೇಳತೊಡಗಿದಳು. ನಂಜುಂಡಪ್ಪನಿಗೆ ಮಾತ್ರ ಮೆಲ್ಲಗೆ ಕೇಳಿದರೆ ಕೇಳಿಸುವುದಿಲ್ಲ. ಅವನಿಗೆ ಹೆಬ್ಬೆರಳು ಎತ್ತಿ ತೋರಿಸುತ್ತಾಳೆ, ಅವನು ತನ್ನದನ್ನು ಮೇಲೆ ಇಲ್ಲವೇ ಕೆಳಗೆ ಮಾಡುತ್ತಾನೆ.

ಇಷ್ಟಾದ ಮೇಲೆ ಎಲ್ಲ ಸರಿಹೋಯಿತು ಎಂದು ಬರೆಯಬಹುದಿತ್ತು. ಸರಿಹೋಗಲಿಲ್ಲ. ಮೊದಲ ಐದು ದಿನ ಕೂತು ಎದ್ದು ಬಂದೆ, ಅಷ್ಟೇ. ಈ ಸಲ ಆಗಿಲ್ಲ ಎಂದೇ ಹೇಳಿದೆ. ಹಾಗೆ ಹೇಳಲು ಪ್ರತಿ ದಿನವೂ ಗಂಟಲು ಸರಿಮಾಡಿಕೊಳ್ಳಬೇಕಾಗುತ್ತಿತ್ತು. ಮೂರನೇ ದಿನ ಸಿರಪ್ಪು ಜಾಸ್ತಿ ಮಾಡಿದರು. ಆರನೇ ದಿನ ಅದು ಎಲ್ಲವನ್ನೂ ಒಟ್ಟಿಗೆ ತೆಗೆದುಕೊಂಡು ಬಂತು, ನಾನು ಬಾತ್‌ರೂಮು ಮುಟ್ಟುವ ಮೊದಲೇ. ಹಾಲಿನ ನಡುವೆ ವಾಕರ್ ಹಿಡಿದು ನಿಂತುಬಿಟ್ಟೆ. ಮುನಿಯಮ್ಮ ಬಕೆಟ್ಟು ತಂದು, ಬಂತಲ್ಲ ಬಿಡಿ ತಾತ, ನೆಲ ತೊಳೆದರೆ ಹೋಗುತ್ತೆ ಎಂದಳು. ಆಮೇಲೆ ಸಿರಪ್ಪು ಸ್ವಲ್ಪ ಇಳಿಸಿದರು. ನನಗೆ ಎಷ್ಟು ಬೇಕು ಎಂದು ಗೊತ್ತಾಗಲು ತಿಂಗಳು ಹಿಡಿಯಿತು. ಸ್ಕ್ಯಾನ್ ಮಾಡಿಸಿದೆವು, ಕೆಟ್ಟದ್ದೇನೂ ಇರಲಿಲ್ಲ. ಆ ರಿಪೋರ್ಟನ್ನು ಸುಧಾ ಅಲ್ಲೇ ನಿಂತು ಎರಡು ಸಲ ಓದಿದಳು.

ಈಗಲೂ ವಾರದಲ್ಲಿ ಒಂದೆರಡು ದಿನ ತಪ್ಪುತ್ತದೆ. ಎರಡು ದಿನ ದಾಟಿದರೆ ಹೇಳುತ್ತೇನೆ, ಅವರು ಏನು ಮಾಡಬೇಕೋ ಮಾಡುತ್ತಾರೆ. ಕಾಲು ಸುಮಾರಾಗಿ ಸರಿಹೋಗಿದೆ, ಕೋಲು ಹಿಡಿದು ಗೇಟಿನವರೆಗೆ ಹೋಗಿ ಬರುತ್ತೇನೆ. ಮೂರು ತಿಂಗಳಿಗೆಂದು ಬಂದವನು ಇಲ್ಲೇ ಉಳಿದೆ. ಅದು ನನ್ನದೇ ತೀರ್ಮಾನ. ಸುಧಾ ಒಪ್ಪಿಕೊಂಡಿದ್ದಾಳೆ, ಮನಸಾರೆ ಅಲ್ಲದಿದ್ದರೂ.

ಕಳೆದ ತಿಂಗಳು ಒಂದು ಮಧ್ಯಾಹ್ನ ಅವಳ ಫೋನು ಬಂತು. ದನಿ ಸೋತಿತ್ತು. ಸಿದ್ದಗಂಗಮ್ಮನವರು ನಾಲ್ಕು ದಿನದಿಂದ ತಟ್ಟೆ ದೂಡುತ್ತಿದ್ದಾರೆ, ಮುದ್ದೆ ಬೇಡ, ಅನ್ನ ಬೇಡ, ಮುಟ್ಟಿದರೆ ಸಿಡುಕುತ್ತಾರೆ. ನೀರು ಕೊಟ್ಟರೆ ಬಾಯಿ ಬಿಗಿ ಹಿಡಿಯುತ್ತಾರೆ. ನಾನು ಏನು ಮಾಡಿದ್ರೂ ಅವರಿಗೆ ಆಗಲ್ಲ ಅಪ್ಪ, ನನ್ನ ಮೇಲಿನ ಸಿಟ್ಟು ಊಟದ ಮೇಲೆ ತೋರಿಸ್ತಾರೆ ಎಂದಳು.

ಅವರ ಕೈಗೆ ಫೋನು ಕೊಡು ಎಂದೆ. ಏನು ಮಾತಾಡ್ತೀಯ ಎಂದು ಅವಳಿಗೆ ಗಾಬರಿ. ಕೊಡಮ್ಮ, ನೀನು ಅಡುಗೆಮನೆಗೆ ಹೋಗು ಎಂದೆ.

ಸಿದ್ದಗಂಗಮ್ಮನವರು ಫೋನು ಹಿಡಿದು, ಆರೋಗ್ಯವೇ ಬೀಗರೇ ಎಂದರು. ಇಪ್ಪತ್ತು ವರ್ಷದ ಅದೇ ಮಾತು. ನಾನು ಆರೋಗ್ಯ ಎನ್ನಲಿಲ್ಲ. ನನಗೆ ಆದದ್ದನ್ನು ಇಲ್ಲಿ ಬರೆದ ಹಾಗೆಯೇ ಹೇಳಿದೆ. ಸುಳ್ಳು ಹೇಳಿದ್ದು, ಭೇದಿ ಎಂದುಕೊಂಡದ್ದು, ಟಿಕೆಟ್ ಕೂಗಿದ್ದು, ಆ ನರ್ಸು ಮಾಡಿದ ಕೆಲಸ. ಹೆಂಗಸರ ಮುಂದೆ, ಅದೂ ಬೀಗರ ಮುಂದೆ ಇಂಥ ಮಾತು ನಾನು ಜೀವನದಲ್ಲಿ ಆಡಿದವನಲ್ಲ. ಕಿವಿ ಬಿಸಿಯಾಗಿತ್ತು.

“ನಂಗೆ ಏಳು ದಿನ ಆಯ್ತು” ಎಂದರು. ದನಿ ತೀರ ಸಣ್ಣಗಿತ್ತು. “ಅವ್ಳು ಕೆಲ್ಸದಿಂದ ಸುಸ್ತಾಗಿ ಬಂದಿರ್ತಾಳೆ. ಇದನ್ನೂ ಅವ್ಳ ಕೈಲೇ ಮಾಡಿಸ್ಬೇಕಾ ಅಂತ ತಿನ್ನೋದೇ ಬಿಟ್ಟೆ. ನೀವು ಹೆಂಗೆ ಹೇಳ್ಕೊಂಡ್ರಿ ಮಗಳ ಹತ್ರ?”

“ನಾನು ಹೇಳ್ಕೊಳ್ಳಿಲ್ಲ. ಆಸ್ಪತ್ರೆಗೆ ಹೊತ್ಕೊಂಡು ಹೋದ್ರು. ನೀವು ಹೇಳ್ಕೊಳ್ಳಿ.”

ಅವರು ಫೋನನ್ನು ಹಾಸಿಗೆ ಮೇಲೆ ಇಟ್ಟಿರಬೇಕು, ಬಟ್ಟೆ ಸರಿದ ಸದ್ದಾಯಿತು. ದೂರದಿಂದ ಅವರ ದನಿ ಕೇಳಿಸಿತು.

“ಸುಧಾ, ಬಾರಮ್ಮ ಇಲ್ಲಿ. ಬಾಗ್ಲು ಹಾಕ್ಕೊಂಡು ಬಾ.”

ಹೆಜ್ಜೆಯ ಸದ್ದು ಹತ್ತಿರ ಬಂತು, ಬಾಗಿಲು ಹಾಕಿದ ಸದ್ದೂ ಬಂತು. ಮುಂದಿನದು ಅವರಿಬ್ಬರ ಮಾತು. ನಾನು ಫೋನು ಕಟ್ ಮಾಡಿದೆ.